ಮೈಯಿಂದ ಮದ್ದು ಇಳಿದರೆ ಮುಗಿಯಿತೇ?

ದೊಡ್ಡ ಆಪರೇಷನ್, ಬೈಕಿನಿಂದ ಬಿದ್ದು ಮುರಿದ ಕಾಲು, ಕ್ಯಾನ್ಸರ್. ಇಂಥ ನೋವಿಗೆ ಡಾಕ್ಟರು ಬರೆದುಕೊಡುವ ಮಾರ್ಫಿನ್, ಟ್ರಮಡಾಲ್ ಮುಂತಾದ ಮಾತ್ರೆಗಳು ಅಫೀಮಿನ ಬಳಗದವು. ಇವನ್ನು ಒಪಿಯಾಯ್ಡ್ ಎನ್ನುತ್ತಾರೆ. ತಿಂಗಳುಗಟ್ಟಲೆ ನುಂಗಿದವರು ದಿಢೀರನೆ ನಿಲ್ಲಿಸಿದರೆ ಒಂದೆರಡು ದಿನದೊಳಗೆ ಮೈ ತಿರುಗಿ ಬೀಳುತ್ತದೆ. ಬಿಡದ ಆಕಳಿಕೆ, ಕಣ್ಣು ಮೂಗಲ್ಲಿ ನೀರು, ಮುಳ್ಳೆದ್ದ ಚರ್ಮ, ಕಾಲು ಸೆಳೆತ, ವಾಂತಿ, ಭೇದಿ, ನಿದ್ದೆಯಿಲ್ಲದ ರಾತ್ರಿ. ಇದಕ್ಕೆ ವಿತ್‌ಡ್ರಾವಲ್ ಎಂದು ಹೆಸರು. ಇದನ್ನು ಡಾಕ್ಟರ ಕಣ್ಣೆದುರಿನಲ್ಲಿ ದಾಟಿಸುವುದೇ ಡಿಟಾಕ್ಸ್.

ಈ ಡಿಟಾಕ್ಸಿಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದರ ಬಹುಭಾಗವನ್ನು ಆಳಿದ್ದು ಒಂದೇ ನಂಬಿಕೆ: ಮೈಯಿಂದ ಮದ್ದು ಇಳಿದರೆ ಕಾಯಿಲೆ ವಾಸಿಯಾದ ಹಾಗೆ.

1805ರ ಸುಮಾರಿಗೆ ಜರ್ಮನಿಯ ಔಷಧಿ ಅಂಗಡಿಯೊಂದರ ಸಹಾಯಕ ಫ್ರೀಡ್ರಿಖ್ ಸೆರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನ್ ಬೇರ್ಪಡಿಸಿದ. 1850ರ ದಶಕದಲ್ಲಿ ಚುಚ್ಚುವ ಸೂಜಿ ಬಂತು. ನೋವು ಕ್ಷಣದಲ್ಲಿ ಮಾಯ, ಚಟವೂ ಅಷ್ಟೇ ಬೇಗ. ವಿಯೆನ್ನಾದ ಡಾಕ್ಟರ್ ಫ್ಲೈಷ್ಲ್ ಎಂಬವರ ಹೆಬ್ಬೆರಳಿಗೆ ಸೋಂಕು ತಗುಲಿ ಅದನ್ನು ಕತ್ತರಿಸಬೇಕಾಯಿತು. ಆ ನೋವಿಗೆ ಮಾರ್ಫಿನ್ ಹಿಡಿದವರು ಬಿಡಲಾರದೆ ಹೋದರು. 1884ರಲ್ಲಿ ಅವರ ಗೆಳೆಯ, ಮುಂದೆ ಮನಶ್ಶಾಸ್ತ್ರದಲ್ಲಿ ಜಗತ್ಪ್ರಸಿದ್ಧನಾದ ಸಿಗ್ಮಂಡ್ ಫ್ರಾಯ್ಡ್, ಮಾರ್ಫಿನ್ ಬಿಡಿಸಲೆಂದು ಕೊಕೇನ್ ಕೊಟ್ಟ. ಫ್ಲೈಷ್ಲ್ ಎರಡಕ್ಕೂ ದಾಸರಾದರು. 1891ರಲ್ಲಿ ತೀರಿಕೊಂಡರು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿಗೆ ಚಾರ್ಲ್ಸ್ ಟೌನ್ಸ್ ಬಂದ. ಡಾಕ್ಟರಲ್ಲ, ಇನ್ಶೂರೆನ್ಸ್ ಮಾರುತ್ತಿದ್ದವನು. ಅವನ ಔಷಧಿಯಲ್ಲಿ ಮುಖ್ಯವಾದದ್ದು ಬೆಲ್ಲಡೋನ, ನಮ್ಮ ಬೇಲಿ ಪಕ್ಕ ಬೆಳೆಯುವ ದತ್ತೂರಿಯ ಬಳಗದ ವಿಷದ ಗಿಡ. ಅದರ ಜೊತೆಗೆ ಜೋರಾದ ಭೇದಿ ಮದ್ದು. ಕೆಲವೇ ದಿನದಲ್ಲಿ ಹೊಟ್ಟೆ ಖಾಲಿ, ಮೈ ಖಾಲಿ, ರೋಗಿ ಮನೆಗೆ. ಹೆಸರಾಂತ ಡಾಕ್ಟರ್ ಅಲೆಕ್ಸಾಂಡರ್ ಲ್ಯಾಂಬರ್ಟ್ 1909ರಲ್ಲಿ ಇದನ್ನು ಅಮೆರಿಕದ ವೈದ್ಯರ ಪತ್ರಿಕೆಯಲ್ಲಿ ಹೊಗಳಿ ಬರೆದರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ ಎಂಬುದು ಟೌನ್ಸನ ಮಾತು. ಲೆಕ್ಕ ಹಾಕಿದ ರೀತಿ ನೋಡಿ: ತನ್ನ ಆಸ್ಪತ್ರೆಗೆ ಮತ್ತೆ ಬಾರದವರೆಲ್ಲ ವಾಸಿಯಾದವರು! ಸತ್ತವರೂ ಬರುವುದಿಲ್ಲ, ದುಡ್ಡು ಮುಗಿದವರೂ ಬರುವುದಿಲ್ಲ. 'ಇಷ್ಟೇ ದಿನದಲ್ಲಿ ಚಟ ಬಿಡಿಸುತ್ತೇವೆ' ಎಂಬ ಜಾಹೀರಾತು ಕಂಡಾಗಲೆಲ್ಲ ನಮಗೆ ಟೌನ್ಸ್ ನೆನಪಾಗುತ್ತಾನೆ.

ಲೆಕ್ಕವನ್ನು ಸರಿಯಾಗಿ ಹಾಕಿದ್ದು ಸರ್ಕಾರಿ ತೋಟವೊಂದು ಬಂದ ಮೇಲೆ. 1935ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಊರಿನ ಹೊರಗೆ, ಸುಮಾರು ಸಾವಿರ ಎಕರೆಯಲ್ಲಿ, ಅಮೆರಿಕ ಸರ್ಕಾರ ಒಂದು ಆಸ್ಪತ್ರೆ ತೆರೆಯಿತು. ಜನ ಅದನ್ನು ನಾರ್ಕೋಟಿಕ್ ಫಾರ್ಮ್ ಎಂದೇ ಕರೆದರು. ಅರ್ಧ ಜೈಲು, ಅರ್ಧ ಆಸ್ಪತ್ರೆ. ಶಿಕ್ಷೆಯಾದವರೂ ಇದ್ದರು, ತಾವಾಗಿ ಬಂದು ಸೇರಿದವರೂ ಇದ್ದರು. ಮೊದಲು ಮದ್ದನ್ನು ದಿನದಿನಕ್ಕೆ ಇಳಿಸುತ್ತ ನಿಲ್ಲಿಸುವುದು, ಆಮೇಲೆ ಹಸು ಕರೆಯುವುದು, ಹಂದಿ ಸಾಕುವುದು, ತರಕಾರಿ ಬೆಳೆಯುವುದು. ಹಳ್ಳಿ ಗಾಳಿ, ಮೈಮುರಿ ದುಡಿತ ಇದ್ದರೆ ಚಟ ತಾನಾಗಿ ಹೋಗುತ್ತದೆ ಎಂದು ಪಟ್ಟಣದವರು ಎಣಿಸಿದ್ದರು. ಹೊಲದಲ್ಲಿ ಬದುಕುವ ನಮಗೆ ಇದನ್ನು ಕೇಳಿದರೆ ಸ್ವಲ್ಪ ನಗು ಬರುತ್ತದೆ.

ಆದರೆ ವಿತ್‌ಡ್ರಾವಲ್ ನಾಟಕವಲ್ಲ ಎಂದು ಅಳೆದು ತೋರಿಸಿದ್ದೂ ಅಲ್ಲಿಯೇ. ಡಾಕ್ಟರ್ ಹಿಮ್ಮೆಲ್ಸ್‌ಬಾಕ್ ಜ್ವರ, ಬಿ.ಪಿ., ಉಸಿರಾಟ, ತೂಕ ಎಲ್ಲವನ್ನೂ ಬರೆದಿಟ್ಟು ಅಂಕ ಕೊಟ್ಟರು. 1940ರ ದಶಕದ ಕೊನೆಯಲ್ಲಿ ಮೆಥಡೋನ್ ಎಂಬ ನಿಧಾನವಾಗಿ ಕೆಲಸ ಮಾಡುವ ಔಷಧಿ ಕೊಟ್ಟು, ಅದನ್ನೇ ಕಡಿಮೆ ಮಾಡುತ್ತ ಬಂದರೆ ನರಳಾಟ ಸಹಿಸುವಷ್ಟಾಗುತ್ತದೆ ಎಂದು ಕಂಡುಕೊಂಡರು. ಆ ತೋಟಕ್ಕೆ ಕೆಟ್ಟ ಮುಖವೂ ಇತ್ತು. ಪ್ರಯೋಗಕ್ಕೆ ಒಪ್ಪಿದ ಕೈದಿಗಳಿಗೆ ಕೂಲಿಯಾಗಿ ಅಮಲಿನ ಮದ್ದನ್ನೇ ಕೊಡುತ್ತಿದ್ದದ್ದು 1970ರ ದಶಕದಲ್ಲಿ ಬಯಲಾಯಿತು.

ಅಲ್ಲಿಂದ ನ್ಯೂಯಾರ್ಕಿಗೆ ಮರಳಿದ ಸುಮಾರು 1,900 ಮಂದಿಯನ್ನು ಹಿಂಬಾಲಿಸಿದ ಅಧ್ಯಯನ 1962ರಲ್ಲಿ ಅಚ್ಚಾಯಿತು. ನೂರಕ್ಕೆ ಸುಮಾರು ತೊಂಬತ್ತು ಮಂದಿ ಮತ್ತೆ ಚಟಕ್ಕೆ ಬಿದ್ದಿದ್ದರು. ಟೌನ್ಸ್ ಹೇಳಿದ ಸಂಖ್ಯೆಯೇ, ತಿರುಗಾಮುರುಗಾ.

ಲೆಕ್ಸಿಂಗ್ಟನ್ನಿನಲ್ಲಿ ಕೆಲಸ ಮಾಡಿದ್ದ ಡಾಕ್ಟರ್ ಮೇರಿ ನೈಸ್ವಾಂಡರ್ ಇದನ್ನೆಲ್ಲ ಕಣ್ಣಾರೆ ಕಂಡಿದ್ದರು. 1964ರಲ್ಲಿ ಅವರು ವಿನ್ಸೆಂಟ್ ಡೋಲ್, ಮೇರಿ ಜೀನ್ ಕ್ರೀಕ್ ಜೊತೆ ಸೇರಿ ಮೆಥಡೋನನ್ನು ನಿಲ್ಲಿಸದೆ ದಿನಾ ಒಂದೇ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಜನ ಕೆಲಸಕ್ಕೆ ಹೋದರು, ಓದಲು ಸೇರಿದರು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಳ್ಳುವ ಹಾಗೆ ಇದು ಎಂಬುದು ಅವರ ವಾದ. 'ಒಂದು ಚಟ ಬಿಡಿಸಲು ಇನ್ನೊಂದೇ?' ಎಂದು ಅಂದು ಕೇಳಿದವರು ಇಂದೂ ಕೇಳುತ್ತಾರೆ. ಫ್ರಾಯ್ಡ್ ಕಥೆ ಕೇಳಿದವರಿಗೆ ಆ ಅನುಮಾನ ಸಹಜ. ವ್ಯತ್ಯಾಸ ಇಷ್ಟು: ಇಲ್ಲಿ ಏರಿಳಿತವಿಲ್ಲ, ಅಮಲಿಗಾಗಿ ಓಡಾಟವಿಲ್ಲ, ಪ್ರಮಾಣ ಡಾಕ್ಟರ ಕೈಲಿ. ಇದೇ ಕೆಲಸಕ್ಕೆ ಬುಪ್ರೆನಾರ್ಫಿನ್ ಎಂಬ ಮಾತ್ರೆಗೆ ಅಮೆರಿಕ 2002ರಲ್ಲಿ ಒಪ್ಪಿಗೆ ಕೊಟ್ಟಿತು. ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಈ ಮಾತ್ರೆ ನಮ್ಮ ದೇಶದಲ್ಲೂ ಬಳಕೆಯಲ್ಲಿದೆ.

ಅಷ್ಟರಲ್ಲಿ ಚಟ ಬೀದಿಯಿಂದ ಚೀಟಿಗೆ ಬಂದಿತ್ತು. 1980ರಲ್ಲಿ ಅಮೆರಿಕದ ವೈದ್ಯರ ಪತ್ರಿಕೆಯೊಂದರಲ್ಲಿ ಐದು ವಾಕ್ಯದ ಕಾಗದ ಅಚ್ಚಾಗಿತ್ತು. ಆಸ್ಪತ್ರೆಯಲ್ಲಿ ಇಂಥ ಔಷಧಿ ಪಡೆದ 11,882 ರೋಗಿಗಳಲ್ಲಿ ನಾಲ್ಕೇ ಮಂದಿಗೆ ಚಟ ಹತ್ತಿತು ಎಂಬುದು ಅದರ ಸಾರ. ಅದು ಆಸ್ಪತ್ರೆಯೊಳಗಿನ ಮಾತು. ಮನೆಯಲ್ಲಿ ವರ್ಷಗಟ್ಟಲೆ ನುಂಗುವವರಿಗೂ ಅದನ್ನೇ ಅನ್ವಯಿಸಿದರು. 1996ರಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಮಾತ್ರೆ ಮಾರಾಟಕ್ಕೆ ತಂದು, ಚಟದ ಭಯ ಕಡಿಮೆ ಎಂದು ಪ್ರಚಾರ ಮಾಡಿತು. 2007ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ತೆತ್ತ ಹಣ 60 ಕೋಟಿ ಡಾಲರಿಗೂ ಹೆಚ್ಚು.

ಹೆದರಿದ ಡಾಕ್ಟರುಗಳು ಆಮೇಲೆ ಇನ್ನೊಂದು ತುದಿಗೆ ಹೋದರು. ಎಷ್ಟೋ ರೋಗಿಗಳಿಗೆ ಮಾತ್ರೆ ದಿಢೀರನೆ ನಿಂತಿತು. ಹೀಗೆ ನಿಲ್ಲಿಸಿದ್ದರಿಂದ ತಡೆಯಲಾರದ ನೋವು, ಆತ್ಮಹತ್ಯೆ ಕೂಡ ನಡೆದಿವೆ ಎಂದು 2019ರಲ್ಲಿ ಅಲ್ಲಿನ ಔಷಧ ಇಲಾಖೆಯೇ ಎಚ್ಚರಿಸಬೇಕಾಯಿತು. ವರ್ಷಕ್ಕಿಂತ ಹೆಚ್ಚು ನುಂಗಿದವರಿಗೆ ತಿಂಗಳಿಗೆ ನೂರಕ್ಕೆ ಹತ್ತರಷ್ಟು, ಬೇಕಿದ್ದರೆ ಅದಕ್ಕಿಂತ ನಿಧಾನವಾಗಿ, ಇಳಿಸಿದರೆ ಮೈ ತಾಳಿಕೊಳ್ಳುತ್ತದೆ ಎಂಬುದು 2022ರ ಅಲ್ಲಿನ ಮಾರ್ಗಸೂಚಿ. ಐದು ದಿನ ಎಲ್ಲಿ, ಹತ್ತು ತಿಂಗಳು ಎಲ್ಲಿ!

ನಮ್ಮಲ್ಲೂ ಎರಡು ತುದಿ ಇವೆ. 1985ರ ಮಾದಕವಸ್ತು ಕಾಯ್ದೆ ಎಷ್ಟು ಬಿಗಿಯಾಗಿತ್ತೆಂದರೆ, ಕಾನೂನುಬದ್ಧವಾಗಿ ಅಫೀಮು ಬೆಳೆಯುವ ಈ ದೇಶದಲ್ಲೇ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುತ್ತಿರಲಿಲ್ಲ. 2014ರಲ್ಲಿ ತಿದ್ದುಪಡಿಯಾಯಿತು. ಇನ್ನೊಂದೆಡೆ ಟ್ರಮಡಾಲ್ ಸಲೀಸಾಗಿ ಸಿಗುತ್ತಿತ್ತು. ಅದನ್ನು 2018ರಲ್ಲಿ ಅದೇ ಕಾಯ್ದೆಯಡಿ ತಂದರು. ಕ್ಯಾನ್ಸರಿನ ನೋವಿಗೆ ಡಾಕ್ಟರು ಕೊಟ್ಟ ಮಾರ್ಫಿನ್ ಕಂಡು ಮನೆಯವರು ಹೆದರಿ ಬಚ್ಚಿಡುವುದು ಬೇಡ, ಅದು ಬೇರೆಯೇ ಮಾತು.

ಡಾಕ್ಟರ ಕಣ್ಣೆದುರಿನಲ್ಲೇ ಬಿಡಬೇಕು ಎನ್ನುವುದು ನರಳಾಟ ತಗ್ಗಿಸಲಿಕ್ಕೆ ಮಾತ್ರವಲ್ಲ. ವಾಂತಿ ಭೇದಿಯಲ್ಲಿ ಮೈಯ ನೀರು ಬತ್ತಿದರೆ ಗ್ಲೂಕೋಸ್ ಏರಿಸಬೇಕು. ಗರ್ಭಿಣಿಯರು ಒಮ್ಮೆಗೇ ಬಿಡುವಂತೆಯೇ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಡಿಟಾಕ್ಸ್ ಮುಗಿದ ಮೇಲಿನದು. ಮದ್ದು ಬಿಟ್ಟ ಮೈ ಅದನ್ನು ತಾಳುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಮೊದಲು ಆರಾಮಾಗಿ ನುಂಗುತ್ತಿದ್ದಷ್ಟೇ ಮಾತ್ರೆ ಈಗ ಉಸಿರು ನಿಲ್ಲಿಸಬಲ್ಲದು. ಹಾಗಾಗಿ ಈಗ ಒಳ್ಳೆಯ ಡಾಕ್ಟರುಗಳು ಹತ್ತು ದಿನದ ಡಿಟಾಕ್ಸ್ ಮಾಡಿ ಕೈತೊಳೆದುಕೊಳ್ಳುವುದಿಲ್ಲ, ಮುಂದಿನ ತಿಂಗಳುಗಳ ಔಷಧಿ, ಭೇಟಿ ಎಲ್ಲ ಗೊತ್ತು ಮಾಡಿಯೇ ಕಳಿಸುತ್ತಾರೆ.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ವಿಭಾಗವಿದೆ. ಅಷ್ಟು ದೂರ ಹೋಗುವ ಮುಂಚೆ 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಹೋಗುವಾಗ ಚೀಟಿಯ ಜೊತೆ ಮನೆಯಲ್ಲಿ ಉಳಿದ ಮಾತ್ರೆಯ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಎಷ್ಟು ನುಂಗಿದ್ದಾರೆಂಬ ಲೆಕ್ಕ ಡಾಕ್ಟರಿಗೆ ಸಿಗುತ್ತದೆ, ವಾಪಸು ಬಂದಾಗ ಅವು ಬೀರುವಿನಲ್ಲಿ ಇರುವುದೂ ಇಲ್ಲ.