ಮೈದಾನಕ್ಕೂ ಮೊದಲು ಒಂದು ಗೇಟು ಇದೆ



"ಆಟದಲ್ಲಿ ಜಾತಿ ಎಲ್ಲಿದೆ? ಚೆನ್ನಾಗಿ ಆಡೋನು ಮೇಲೆ ಬರ್ತಾನೆ" ಅನ್ನೋ ಮಾತು ನಮ್ಮ ಶಿಕಾರಿಪುರ, ಸೊರಬದ ಚಹಾ ಅಂಗಡಿಗಳಲ್ಲೂ ಕೇಳ್ತದೆ. ಇದಕ್ಕೆ ಇತಿಹಾಸ ಏನು ಹೇಳ್ತದೆ ನೋಡೋಣ.

ಪಾಲ್ವಂಕರ್ ಬಾಲೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ, ಚಮ್ಮಾರ ಕುಟುಂಬದಲ್ಲಿ. ಪುಣೆಯಲ್ಲಿ ಸೈನ್ಯದ ಅಧಿಕಾರಿಗಳು ಬಿಸಾಡಿದ ಬ್ಯಾಟು-ಚೆಂಡು ಹಿಡಿದು ಆಟ ಕಲಿತರು. ಆಮೇಲೆ ಬಿಳಿಯರ ಕ್ಲಬ್ಬಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳ. ಪಿಚ್ಚಿಗೆ ರೋಲರ್ ಎಳೆಯೋದು, ನೆಟ್ ಕಟ್ಟೋದು, ಸಾಹೇಬರಿಗೆ ಗಂಟೆಗಟ್ಟಲೆ ಬೌಲ್ ಮಾಡೋದು ಅವರ ಕೆಲಸ. ಬಿಳಿಯರನ್ನ ಸೋಲಿಸೋ ಆಸೆಗೆ ಪುಣೆಯ ಹಿಂದೂ ತಂಡ ಅವರನ್ನ ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟಿದರು. ಚಹಾ ಮಾತ್ರ ಬಾಲೂಗೆ ಹೊರಗಡೆ, ಬೇರೆ ಮಣ್ಣಿನ ಕುಡಿಕೆಯಲ್ಲಿ.

1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ತೆಗೆದದ್ದು 114 ವಿಕೆಟ್. ಆ ತಂಡದ ನಾಯಕ ಪಟಿಯಾಲದ ಮಹಾರಾಜ. ಹಿಂದೂ ತಂಡದ ನಾಯಕತ್ವವೂ ಬಾಲೂಗೆ ಸಿಗಲಿಲ್ಲ; 1923ರಲ್ಲಿ ತಮ್ಮ ವಿಠ್ಠಲ್‌ಗೆ ಸಿಕ್ಕಿತು. 1937ರ ಚುನಾವಣೆಯಲ್ಲಿ ಬಾಲೂ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು, ನಿಜ. ಆ ಸಿಟ್ಟಿಗೆ ಈ ಚರಿತ್ರೆಯನ್ನ ನಾವೇ ಹೂಳೋದು ಬೇಡ.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ ಲಕ್ರಾಸ್: ಬಲೆ ಕಟ್ಟಿದ ಕೋಲು, ಸಣ್ಣ ಚೆಂಡು. 1867ರಲ್ಲಿ ಮಾಂಟ್ರಿಯಲ್‌ನ ಹಲ್ಲಿನ ಡಾಕ್ಟರು ವಿಲಿಯಂ ಜಾರ್ಜ್ ಬಿಯರ್ಸ್ ಅದಕ್ಕೆ ನಿಯಮ ಬರೆದರು. 1880ರ ಹೊತ್ತಿಗೆ ಕೆನಡಾದ ಲಕ್ರಾಸ್ ಸಂಘ ಮೂಲನಿವಾಸಿಗಳನ್ನೇ ತನ್ನ ಪಂದ್ಯಗಳಿಂದ ಹೊರಗಿಟ್ಟಿತು. ಕಾರಣ? ಆಡೋಕೆ ದುಡ್ಡು ತಗೋತಾರಂತೆ! ಬಸ್ ಚಾರ್ಜಿಗೂ ಗತಿಯಿಲ್ಲದವನು ದುಡ್ಡು ಕೇಳಿದರೆ ಅವನು "ಸಭ್ಯ" ಆಟಗಾರ ಅಲ್ಲ ಅನ್ನೋ ನ್ಯಾಯ ಅದು.

ಈಗ ಅಮೆರಿಕದ ಕಾಲೇಜುಗಳು ಲಕ್ರಾಸ್ ಆಟಗಾರರನ್ನ ಹೈಸ್ಕೂಲಲ್ಲೇ ಆರಿಸ್ತವೆ. ದುಬಾರಿ ಖಾಸಗಿ ಶಾಲೆ, ಫೀಸು ಕಟ್ಟೋ ಕ್ಲಬ್ಬು ಇರೋ ಕಡೆಗೇ ಕೋಚ್‌ಗಳ ಕಣ್ಣು ಬೇಗ ಹೋಗ್ತದೆ. 8, 9ನೇ ಕ್ಲಾಸಿನ ಮಕ್ಕಳಿಗೇ ಸೀಟಿನ ಮಾತು ಕೊಡೋದು ಅತಿಯಾಗಿ, 11ನೇ ಕ್ಲಾಸಿಗೆ ಮುಂಚೆ ಮಾತಾಡಬಾರದು ಅಂತ 2017ರಲ್ಲಿ ನಿಯಮ ಮಾಡಬೇಕಾಯ್ತು.

ನಮ್ಮಲ್ಲಿಗೆ ಬನ್ನಿ. ಮೂಡಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಆಟದ ಮಕ್ಕಳನ್ನ ದತ್ತು ತಗೊಂಡು ಉಚಿತವಾಗಿ ಓದಿಸ್ತವೆ. ವೃತ್ತಿ ಕೋರ್ಸುಗಳಲ್ಲಿ ಕ್ರೀಡಾ ಕೋಟಾ ಇದೆ. ಒಳ್ಳೇದೇ. ಆದರೆ ಆನವಟ್ಟಿ, ಶಿರಾಳಕೊಪ್ಪ ಕಡೆಯ ಕೇರಿಯ ಹುಡುಗಿ ಅಲ್ಲಿಗೆ ಹೆಂಗೆ ಕಾಣ್ಬೇಕು? ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಇಷ್ಟು ಮೆಟ್ಟಿಲು ಹತ್ತಬೇಕು. ಮೊದಲ ಮೆಟ್ಟಿಲು ಅವಳ ಶಾಲೆಯ ಪಿಇ ಮೇಷ್ಟ್ರು. ಅವರೇ ಇಲ್ಲದಿದ್ರೆ?

ಆಫೀಸಲ್ಲಿ ಫೈಲು ತಿರುಗಿಸೋನು ನಾನು, ನಿಯಮ ಓದೋದು ಅಭ್ಯಾಸ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ. ಶಾಲೆಗೆ ಆಟದ ಮೈದಾನ ಬೇಕು ಅಂತಿದೆ. ದೈಹಿಕ ಶಿಕ್ಷಣದ ಬೋಧಕರು ಬೇಕಾಗೋದು ಮಾತ್ರ 6ರಿಂದ 8ನೇ ತರಗತಿಗೆ, ಮಕ್ಕಳು 100 ದಾಟಿದರೆ, ಅದೂ ಅರೆಕಾಲಿಕ. 9, 10ನೇ ತರಗತಿ ಆ ಕಾಯ್ದೆಯೊಳಗೇ ಇಲ್ಲ. ಸಣ್ಣ ಹಳ್ಳಿಯ ಸರ್ಕಾರಿ ಶಾಲೆಯ ಮಗು ಕಾಗದದಲ್ಲೇ ಆಟದಿಂದ ಔಟು. ಫೀಸು ಕೊಟ್ಟವನ ಮಗ ಕೋಚ್ ಕೈಕೆಳಗೆ ಪಳಗಿ ಗೆದ್ದರೆ ಅದಕ್ಕೆ "ಪ್ರತಿಭೆ" ಅಂತೀವಿ.

ಎರಡೂ ತಾಲ್ಲೂಕಿನ ಗೆಳೆಯರು ಒಂದು ಕೆಲಸ ಮಾಡಿ. ನಿಮ್ಮೂರಿನ ಸರ್ಕಾರಿ ಹೈಸ್ಕೂಲಲ್ಲಿ ಪಿಇ ಮೇಷ್ಟ್ರ ಹುದ್ದೆ ಮಂಜೂರಾಗಿದೆಯಾ, ಭರ್ತಿ ಆಗಿದೆಯಾ, ಮೈದಾನ ಶಾಲೆಯ ಹೆಸರಿಗೆ ಇದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಬಿಇಒ ಆಫೀಸಿಗೆ ಅರ್ಜಿ ಹಾಕಿ. 10 ರೂಪಾಯಿ ಖರ್ಚು. ಉತ್ತರದ ಪ್ರತಿ ನನಗೂ ಕಳ್ಸಿ, ಶಾಲೆವಾರು ಪಟ್ಟಿ ಮಾಡಿ ಒಟ್ಟಿಗೆ ಹೋಗಿ ಕೇಳೋಣ.

ಜೈ ಭೀಮ್.