ಭಾನುವಾರ ಮಾಡಿದ ಹುಳಿಯನ್ನು ಗುರುವಾರ ಉಣ್ಣಬಹುದೇ? ಫ್ರೀಜರ್ ಅಡುಗೆಯ ನಿಜ, ಸುಳ್ಳು

ಭಾನುವಾರ ಮಧ್ಯಾಹ್ನ ದೊಡ್ಡ ಕುಕ್ಕರಿನಲ್ಲಿ ಬೇಳೆ ಬೇಯಿಸಿ, ನಾಲ್ಕು ದಿನಕ್ಕಾಗುವಷ್ಟು ಹುಳಿ, ಪಲ್ಯ, ಚಪಾತಿ ಮಾಡಿ, ಡಬ್ಬಿಗಳಿಗೆ ತುಂಬಿ ಫ್ರೀಜರ್‌ಗೆ ತಳ್ಳುವ ಮನೆಗಳು ಈಗ ಅಪರೂಪವಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಬೆಂಗಳೂರಿನ ಮನೆಗಳಲ್ಲಿ ಇದು ವಾರದ ರೂಢಿ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ಜರ್ಮನಿಗೋ ಹೋದ ಅಮ್ಮಂದಿರು ವಾಪಸ್ ವಿಮಾನ ಹತ್ತುವ ಹಿಂದಿನ ವಾರವೆಲ್ಲ ಮಾಡುವುದೂ ಇದನ್ನೇ. ಒಬ್ಬರೇ ಇರುವ ವಯಸ್ಸಾದ ಅಪ್ಪನಿಗೆ ಹದಿನೈದು ದಿನದ ಸಾರು ಮಾಡಿಟ್ಟು ಬರುವ ಮಕ್ಕಳೂ ಇದ್ದಾರೆ.

ಇದನ್ನು ಕಂಡ ಹಿರಿಯರು ‘ತಂಗಳು, ವಿಷಕ್ಕೆ ಸಮ’ ಎನ್ನುತ್ತಾರೆ. ಕಿರಿಯರು ‘ಫ್ರೀಜರ್‌ನಲ್ಲಿಟ್ಟರೆ ಕ್ರಿಮಿಗಳೆಲ್ಲ ಸಾಯುತ್ತವೆ, ಏನೂ ಆಗಲ್ಲ’ ಎಂದು ಉತ್ತರ ಕೊಡುತ್ತಾರೆ. ಎರಡೂ ತಪ್ಪು. ಆದರೆ ನಮ್ಮನ್ನು ಕೇಳಿದರೆ, ಎರಡನೆಯ ತಪ್ಪೇ ಹೆಚ್ಚು ಅಪಾಯದ್ದು.

ಚಳಿಗೆ ಕ್ರಿಮಿ ಸಾಯುತ್ತದೆಯೇ?

ಬಹುಪಾಲು ಸಾಯುವುದಿಲ್ಲ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಹಾರದೊಳಗಿನ ನೀರು ಹೆಚ್ಚುಕಡಿಮೆ ಎಲ್ಲ ಮಂಜುಗಡ್ಡೆಯಾಗಿರುತ್ತದೆ. ಬ್ಯಾಕ್ಟೀರಿಯಾಗಳಿಗೆ ಬಳಸಲು ದ್ರವರೂಪದ ನೀರಿಲ್ಲದೆ ಅವುಗಳ ಬೆಳವಣಿಗೆ ನಿಲ್ಲುತ್ತದೆ. ಕೆಲವು ಸಾಯುತ್ತವೆ, ಉಳಿದವು ನಿದ್ದೆ ಹೋದಂತೆ ಬಿದ್ದಿರುತ್ತವೆ. ಡಬ್ಬಿ ಹೊರಗೆ ಬಂದು ಕರಗಲು ಶುರುವಾದೊಡನೆ ಎದ್ದು, ಬಿಟ್ಟಲ್ಲಿಂದ ಕೆಲಸ ಮುಂದುವರಿಸುತ್ತವೆ. ಮೀನಿನಲ್ಲಿರುವ ಕೆಲವು ಪರಾವಲಂಬಿ ಹುಳುಗಳು ದಿನಗಟ್ಟಲೆಯ ಕೊರೆತಕ್ಕೆ ಸಾಯುವುದು ನಿಜ. ಆ ಮಾತೇ ಎಲ್ಲ ಕ್ರಿಮಿಗಳಿಗೂ ಹಬ್ಬಿರಬೇಕು.

ಹಾಗಾಗಿ ಫ್ರೀಜರನ್ನು ಔಷಧಿ ಎಂದುಕೊಳ್ಳಬೇಡಿ. ಅದು ನಿಂತ ಗಡಿಯಾರ. ಯಾವ ಸ್ಥಿತಿಯಲ್ಲಿ ಅಡುಗೆ ಒಳಗೆ ಹೋಯಿತೋ ಅದೇ ಸ್ಥಿತಿಯಲ್ಲಿ ಹೊರಗೆ ಬರುತ್ತದೆ. ಅಂದರೆ ನಾವು ಚಿಂತಿಸಬೇಕಾದದ್ದು ಫ್ರೀಜರಿನೊಳಗೆ ಕಳೆಯುವ ಮೂರು ವಾರಗಳ ಬಗ್ಗೆ ಅಲ್ಲ, ಒಲೆಯಿಂದ ಇಳಿಸಿದ ಮೇಲೆ ಫ್ರೀಜರ್ ಸೇರುವ ತನಕದ ಮೂರು ಗಂಟೆಗಳ ಬಗ್ಗೆ.

ಒಲೆಯಿಂದ ಇಳಿಸಿದ ಮೇಲಿನ ಗಂಟೆಗಳು

‘ಚೆನ್ನಾಗಿ ಕುದಿಸಿದ್ದೇನೆ, ಇನ್ನೆಲ್ಲಿಯ ಕ್ರಿಮಿ?’ ಎಂಬ ಪ್ರಶ್ನೆ ಸಹಜ. ಕುದಿಯುವ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಆದರೆ ಕೆಲವು ಜಾತಿಯವು ಕಷ್ಟಕಾಲಕ್ಕೆಂದು ಬೀಜಕಣಗಳಾಗಿ ಗಟ್ಟಿ ಕವಚದೊಳಗೆ ಕೂರುತ್ತವೆ. ಈ ಬೀಜಕಣಗಳು ಕುದಿತವನ್ನು ತಾಳಿಕೊಂಡು ಬದುಕುತ್ತವೆ. ಅಕ್ಕಿಯಲ್ಲಿ ಸಾಮಾನ್ಯವಾಗಿರುವ ಬ್ಯಾಸಿಲಸ್ ಸೀರಿಯಸ್, ಮಾಂಸ, ಬೇಳೆ, ಮಸಾಲೆಗಳ ಜೊತೆ ಬರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಇಂಥವು. ಅಡುಗೆ ಆರುತ್ತಾ ಬಂದಂತೆ ಇವು ಮೊಳೆಯುತ್ತವೆ. ಅಷ್ಟು ಹೊತ್ತಿಗೆ ಪೈಪೋಟಿ ಕೊಡುತ್ತಿದ್ದ ಬೇರೆ ಕ್ರಿಮಿಗಳನ್ನು ನಾವೇ ಕುದಿಸಿ ಕೊಂದಿರುತ್ತೇವೆ!

5ರಿಂದ 60 ಡಿಗ್ರಿಯ ನಡುವಿನ ಬಿಸಿಯನ್ನು ಆಹಾರ ಸುರಕ್ಷತೆಯವರು ಅಪಾಯದ ವಲಯ ಎಂದು ಕರೆಯುವುದು ಇದಕ್ಕೇ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ಗೆ 43ರಿಂದ 45 ಡಿಗ್ರಿ ಎಂದರೆ ಹಬ್ಬ. ಅನುಕೂಲವಾದರೆ ಸುಮಾರು ಹತ್ತು ನಿಮಿಷಕ್ಕೊಮ್ಮೆ ಅದರ ಸಂಖ್ಯೆ ಎರಡು ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಕಣ ಒಂದು ಗಂಟೆಯಲ್ಲಿ 64, ಎರಡು ಗಂಟೆಯಲ್ಲಿ 4,096, ಮೂರು ಗಂಟೆಯಲ್ಲಿ ಎರಡೂವರೆ ಲಕ್ಷ ದಾಟುತ್ತದೆ. ಮುಚ್ಚಳ ಮುಚ್ಚಿ ಕಟ್ಟೆಯ ಮೇಲಿಟ್ಟ ಐದು ಲೀಟರಿನ ಹುಳಿಯ ಪಾತ್ರೆ ಹೊರಗೆ ಮುಟ್ಟಿದರೆ ಆರಿದಂತೆ ಕಾಣುತ್ತದೆ. ನಡುವಿನಲ್ಲಿ ಮಾತ್ರ ಅದು ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ.

ಇನ್ನೊಂದು ನಂಬಿಕೆ: ‘ಮತ್ತೆ ಕುದಿಸಿಬಿಟ್ಟರೆ ಸರಿಹೋಗುತ್ತೆ.’ ಬ್ಯಾಸಿಲಸ್ ಸೀರಿಯಸ್‌ನ ಕೆಲವು ತಳಿಗಳು ಆಹಾರದಲ್ಲೇ ಸೀರಿಯುಲೈಡ್ ಎಂಬ ವಿಷವನ್ನು ತಯಾರಿಸಿಡುತ್ತವೆ. ವಾಂತಿ ಬರಿಸುವ ಈ ವಿಷ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ನಾಶವಾಗದು. ನಮ್ಮ ಪ್ರೆಶರ್ ಕುಕ್ಕರಿನ ಬಿಸಿ ಅದರ ಸುತ್ತಮುತ್ತಲೇ ಇರುತ್ತದೆ, ಆದ್ದರಿಂದ ಎಷ್ಟು ಸೀಟಿ ಹೊಡೆಸಿದರೂ ಪ್ರಯೋಜನವಿಲ್ಲ. 2008ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ, ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಟೊಮೆಟೊ ಸ್ಪಾಗೆಟಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದು, ಅದೇ ರಾತ್ರಿ ತೀರಿಕೊಂಡ. ಪರೀಕ್ಷೆಯಲ್ಲಿ ಆ ಸ್ಪಾಗೆಟಿಯಲ್ಲಿ ಸೀರಿಯುಲೈಡ್ ಸಿಕ್ಕಿತು. ಇಷ್ಟು ತೀವ್ರವಾಗುವುದು ತೀರಾ ಅಪರೂಪ, ಸಾಮಾನ್ಯವಾಗಿ ಒಂದು ದಿನದ ವಾಂತಿಯೊಳಗೆ ಮುಗಿಯುತ್ತದೆ. ಆದರೆ ತಟ್ಟೆಯ ಮುಂದೆ ಕೂತಿರುವವರು ಎಂಟು ತಿಂಗಳ ಕೂಸೋ, ಬಾಣಂತಿಯೋ, ಎಂಬತ್ತು ದಾಟಿದ ಅಜ್ಜನೋ ಆಗಿದ್ದರೆ ‘ಒಂದು ದಿನದ ವಾಂತಿ’ ಎಂಬುದು ಸಣ್ಣ ಮಾತಲ್ಲ.

ಹಾಗಾದರೆ ಹಿರಿಯರು ಹೇಳುವ ತಂಗಳಿನ ಮಾತು? ಭಗವದ್ಗೀತೆಯ 17ನೇ ಅಧ್ಯಾಯದಲ್ಲಿ ಒಂದು ಯಾಮ, ಅಂದರೆ ಮೂರು ಗಂಟೆ, ಕಳೆದ ಅಡುಗೆ ತಾಮಸವೆಂದು ಹೇಳಿದೆ ಎಂದು ಅರ್ಥ ಮಾಡುವವರಿದ್ದಾರೆ. ಫ್ರಿಜ್ಜೇ ಇಲ್ಲದ ಬಿಸಿನಾಡಿನಲ್ಲಿ ಅದು ಒಳ್ಳೆಯ ಮನೆವಾರ್ತೆಯೇ. ಅದರಿಂದ ಆಗಿನವರಿಗೆ ಬ್ಯಾಕ್ಟೀರಿಯಾ ಗೊತ್ತಿತ್ತು ಎಂದು ಎಳೆಯುವುದು ಬೇಡ, ಹಾಗೆಯೇ ಮೈನಸ್ 18ರಲ್ಲಿಟ್ಟ ಡಬ್ಬಿಗೂ ಅದೇ ನಿಯಮ ಹಚ್ಚುವುದೂ ಬೇಡ. ರಾತ್ರಿ ನೀರು ಹಾಕಿಟ್ಟ ತಂಗಳನ್ನದ ಕತೆ ಬೇರೆಯೇ. ಅಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಅನ್ನವನ್ನು ಹುಳಿಯಾಗಿಸಿ, ಬೇರೆ ಕ್ರಿಮಿಗಳಿಗೆ ಜಾಗ ಕೊಡದಂತೆ ನೋಡಿಕೊಳ್ಳುತ್ತವೆ.

ಬಿಸಿ ಅಡುಗೆ ಫ್ರಿಜ್‌ಗೆ ಇಡಬಾರದೇ?

ಬಿಸಿ ಪದಾರ್ಥವನ್ನು ಫ್ರಿಜ್‌ನಲ್ಲಿಟ್ಟರೆ ಅದು ಕೆಡುತ್ತದೆ ಎಂದು ನಾವೂ ಚಿಕ್ಕಂದಿನಿಂದ ಕೇಳಿದ್ದೇವೆ. ಕೆಡುವುದಿಲ್ಲ. ಕುದಿಯುವ ದೊಡ್ಡ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಪಕ್ಕದ ಹಾಲು, ಮೊಸರು ಬೆಚ್ಚಗಾಗುತ್ತವೆ ಎಂಬಷ್ಟೇ ಅದರಲ್ಲಿರುವ ಸತ್ಯ. ‘ಪೂರ್ತಿ ಆರಲಿ’ ಎಂದು ಸಂಜೆಯಿಂದ ಬೆಳಗಿನವರೆಗೆ ಹೊರಗೆ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಎರಡು ಗಂಟೆಯೊಳಗೆ ಒಳಗೆ ಹೋಗಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಂತೆ ಮನೆಯೊಳಗೇ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಬೇಗ ಆರಿಸುವ ಗುಟ್ಟು ದಪ್ಪದಲ್ಲಿದೆ. ಆಹಾರದ ಪದರದ ದಪ್ಪ ಅರ್ಧಕ್ಕಿಳಿದರೆ ಆರಲು ಬೇಕಾದ ಹೊತ್ತು ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ ಹುಳಿಯನ್ನು ಆಳದ ಪಾತ್ರೆಯಿಂದ ಅಗಲವಾದ ಸ್ಟೀಲ್ ತಟ್ಟೆ, ಬೋಗುಣಿಗಳಿಗೆ ಬಗ್ಗಿಸಿ. ಅವನ್ನು ತಣ್ಣೀರು ತುಂಬಿದ ಸಿಂಕ್‌ನಲ್ಲಿ ಕೂರಿಸಿ ಆಗಾಗ ಕೈಯಾಡಿಸಿದರೆ ಅರ್ಧ ಗಂಟೆಯಲ್ಲಿ ಡಬ್ಬಿಗೆ ಹಾಕುವ ಹದಕ್ಕೆ ಬರುತ್ತದೆ. ಅನ್ನವನ್ನು ಪರಾತದಲ್ಲಿ ಹರಡಿ, ಒಂದು ಗಂಟೆಯೊಳಗೆ ಒಳಗಿಡಿ.

ಡಬ್ಬಿಯೂ ಚಿಕ್ಕದಿರಲಿ, ಒಂದು ಊಟಕ್ಕೆ ಒಂದು. ಜಿಪ್ ಚೀಲದಲ್ಲಿ ತುಂಬಿ ಎರಡು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆಯಾಗಿ ಮಲಗಿಸಿದರೆ ಇನ್ನೂ ವಾಸಿ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಆದ್ದರಿಂದ ಮೇಲೆ ಒಂದು ಬೆರಳು ಜಾಗ ಬಿಡಿ. ಗಾಜಿನ ಬಾಟಲಿಗೆ ಕಂಠಮಟ್ಟ ಸಾರು ತುಂಬಿಟ್ಟು, ಮಾರನೆಯ ದಿನ ಫ್ರೀಜರಿನ ಗೋಡೆಯಿಂದ ಗಾಜಿನ ಚೂರು ಕೆರೆದು ತೆಗೆದ ಅನುಭವ ನಮಗಿದೆ.

ಯಾವುದು ಒಗ್ಗುತ್ತದೆ, ಯಾವುದು ಒಗ್ಗದು

ಮನೆಯ ಫ್ರೀಜರಿನಲ್ಲಿ ಅಡುಗೆ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ನಿಧಾನವಾದಷ್ಟೂ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆದು ತರಕಾರಿಯ ಜೀವಕೋಶಗಳ ಗೋಡೆಗಳನ್ನು ಹರಿಯುತ್ತವೆ. 1910ರ ದಶಕದಲ್ಲಿ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್‌ಐ, ಅಲ್ಲಿನ ಇನುಯಿಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣದಲ್ಲಿ ಹೆಪ್ಪುಗಟ್ಟುವುದನ್ನೂ, ತಿಂಗಳುಗಳ ನಂತರವೂ ತಾಜಾ ಮೀನಿನಂತೆಯೇ ಇರುವುದನ್ನೂ ಕಂಡು ಇದನ್ನು ಅರ್ಥಮಾಡಿಕೊಂಡರು. ಇಂದಿನ ಪ್ಯಾಕೆಟ್ ಬಟಾಣಿಯ ಉದ್ಯಮ ಶುರುವಾದದ್ದೇ ಆ ಗಮನಿಕೆಯಿಂದ. ನಮ್ಮ ಫ್ರಿಜ್‌ಗೆ ಆ ವೇಗವಿಲ್ಲ. ಅದಕ್ಕೇ ಹುಳಿಯೊಳಗಿನ ಆಲೂಗಡ್ಡೆ ಕರಗಿದ ಮೇಲೆ ಸ್ಪಂಜಿನಂತಾಗುತ್ತದೆ, ಸೌತೆಕಾಯಿ ಕೋಸಂಬರಿ ನೀರಾಗುತ್ತದೆ, ಬದನೆ ಲೋಳೆಯಾಗುತ್ತದೆ. ಮಜ್ಜಿಗೆ ಹುಳಿ ಒಡೆದು ನೀರು ಬೇರೆ, ಗಸಿ ಬೇರೆ ಆಗುತ್ತದೆ. ಇದು ಕೆಟ್ಟದ್ದಲ್ಲ, ಬಾಯಿಗೆ ಹಿತವಲ್ಲ ಅಷ್ಟೇ.

ನಮಗೆ ಒಗ್ಗಿದ ದಾರಿ ಪೂರ್ತಿ ಹುಳಿಯನ್ನಲ್ಲ, ಅದರ ಬುನಾದಿಯನ್ನು ಫ್ರೀಜ್ ಮಾಡುವುದು. ಬೆಂದ ಬೇಳೆ ಒಂದು ಚೀಲ, ರುಬ್ಬಿದ ಮಸಾಲೆ ಒಂದು ಚೀಲ, ತುರಿದ ತೆಂಗಿನಕಾಯಿ ಒಂದು. ಗುರುವಾರ ಸಂಜೆ ತರಕಾರಿ ಬೇಯಿಸಿ ಇವನ್ನು ಸೇರಿಸಿ ಕುದಿಸಿದರೆ ಇಪ್ಪತ್ತು ನಿಮಿಷದ ಕೆಲಸ. ಒಗ್ಗರಣೆ ಮಾತ್ರ ಆಗಲೇ ಆಗಬೇಕು. ಇಂಗು, ಕರಿಬೇವಿನ ಘಮ ಹಾರಿಹೋಗುವ ಜಾತಿಯದು, ಅದನ್ನು ಮೂರು ವಾರ ಕೂಡಿಡಲು ಹೋಗಬೇಡಿ. ಬೇಳೆ ಸಾರು, ರಾಜ್ಮಾ, ಕಡಲೆಕಾಳಿನ ಗೊಜ್ಜು, ಕೋಳಿ ಸಾರು ಮಾತ್ರ ಇಡಿಯಾಗಿಯೇ ಚೆನ್ನಾಗಿ ಉಳಿಯುತ್ತವೆ. ಡಿಸೆಂಬರ್, ಜನವರಿಯ ಅವರೆಕಾಳನ್ನು ಬೇಸಿಗೆಗೆ ಇಡುವವರು ಮೊದಲು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ ತಣ್ಣೀರಿಗೆ ಹಾಕಿ. ಕಾಳಿನೊಳಗಿನ ಕಿಣ್ವಗಳು ಚಳಿಯಲ್ಲೂ ಮೆಲ್ಲಗೆ ಕೆಲಸ ಮಾಡಿ ಬಣ್ಣ, ರುಚಿ ಕೆಡಿಸುತ್ತವೆ, ಬಿಸಿನೀರು ಅವನ್ನು ನಿಲ್ಲಿಸುತ್ತದೆ.

ಚಪಾತಿ, ಅನ್ನ, ಇಡ್ಲಿಯ ವಿಚಾರದಲ್ಲಿ ಒಂದು ವಿಚಿತ್ರವಿದೆ. ಇವು ಫ್ರೀಜರಿಗಿಂತ ಫ್ರಿಜ್ಜಿನ ಕೆಳಗಿನ ಭಾಗದಲ್ಲೇ ಬೇಗ ಬಿರುಸಾಗುತ್ತವೆ. ಬೆಂದಾಗ ಸಡಿಲಗೊಂಡ ಪಿಷ್ಟದ ಎಳೆಗಳು ಮತ್ತೆ ಒತ್ತೊತ್ತಾಗಿ ಜೋಡಿಸಿಕೊಳ್ಳುವುದು 4 ಡಿಗ್ರಿಯ ಆಸುಪಾಸಿನಲ್ಲಿ ಬಹಳ ಚುರುಕು. ಪೂರ್ತಿ ಹೆಪ್ಪುಗಟ್ಟಿದ ಮೇಲೆ ಅದು ಬಹುತೇಕ ನಿಲ್ಲುತ್ತದೆ. ಆದ್ದರಿಂದ ನಾಳಿದ್ದಿಗೆ ಬೇಕಾದ ಚಪಾತಿಯನ್ನೂ ನಡುವೆ ಬೆಣ್ಣೆಕಾಗದ ಇಟ್ಟು ಫ್ರೀಜರಿಗೇ ಹಾಕಿ, ನೇರ ಕಾದ ಹಂಚಿಗೆ ತೆಗೆಯಿರಿ. ಇಡ್ಲಿ ಹಿಟ್ಟನ್ನು ಫ್ರೀಜ್ ಮಾಡಿದರೆ ಹುದುಗಿಸುವ ಜೀವಿಗಳಲ್ಲಿ ಒಂದಷ್ಟು ಸತ್ತು ಉಬ್ಬುವ ಶಕ್ತಿ ಕುಂದುತ್ತದೆ. ಬೇಯಿಸಿದ ಇಡ್ಲಿಯನ್ನೇ ಇಟ್ಟು, ಬೇಕಾದಾಗ ಹಬೆಯಲ್ಲಿ ಹತ್ತು ನಿಮಿಷ ಬಿಸಿ ಮಾಡುವುದು ಮೇಲು. ರಾಗಿಮುದ್ದೆಯ ಯೋಚನೆ ಬಿಟ್ಟುಬಿಡಿ.

ಸತ್ವ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ: ಸಿ ವಿಟಮಿನ್ ಮತ್ತು ಕೆಲವು ಬಿ ವಿಟಮಿನ್‌ಗಳು ನಷ್ಟವಾಗುವುದು ಹೆಚ್ಚಾಗಿ ಬೇಯಿಸುವಾಗ, ಬೇಯಿಸಿದ ನೀರು ಚೆಲ್ಲುವಾಗ. ಹೆಪ್ಪುಗಟ್ಟಿಸುವುದರಿಂದ ಪ್ರೋಟೀನು, ನಾರು, ಕಬ್ಬಿಣ ಎಲ್ಲಿಗೂ ಓಡಿಹೋಗುವುದಿಲ್ಲ.

ನಿಮ್ಮ ಫ್ರೀಜರ್ ನಿಜವಾಗಿ ಎಷ್ಟು ತಣ್ಣಗಿದೆ?

ಒಂದು ಬಾಗಿಲಿನ ಹಳೆಯ ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆ ಎಲ್ಲ ಮನೆಗಳಲ್ಲೂ ಮೈನಸ್ 18 ಮುಟ್ಟುವುದಿಲ್ಲ. ಫ್ರೀಜರ್ ಭಾಗಕ್ಕೇ ಬೇರೆ ನಕ್ಷತ್ರದ ಗುರುತಿನ ಪದ್ಧತಿಯೊಂದಿದೆ: ಒಂದು ನಕ್ಷತ್ರಕ್ಕೆ ಮೈನಸ್ 6, ಎರಡಕ್ಕೆ ಮೈನಸ್ 12, ಮೂರಕ್ಕೆ ಮೈನಸ್ 18. ಬಾಗಿಲ ಮೇಲೆ ಅಂಟಿಸಿರುವ ದೊಡ್ಡ ಸ್ಟಾರ್ ಚೀಟಿಯನ್ನು ಇದೆಂದು ತಿಳಿಯಬೇಡಿ, ಅದು ಕರೆಂಟಿನ ಉಳಿತಾಯದ ಲೆಕ್ಕ. ಐದು ಸ್ಟಾರಿನ ಫ್ರಿಜ್ ಕೊಂಡವರೆಲ್ಲ ಹೆಚ್ಚು ತಂಪು ಕೊಂಡಿದ್ದಾರೆ ಎಂದೇನಿಲ್ಲ. ನಿಜವಾದ ಮೈನಸ್ 18 ಇದ್ದರೆ ಅಡುಗೆ ಎರಡು ಮೂರು ತಿಂಗಳು ರುಚಿಯಾಗಿಯೂ, ಆಮೇಲೆ ರುಚಿಗೆಟ್ಟರೂ ಸುರಕ್ಷಿತವಾಗಿಯೂ ಇರುತ್ತದೆ. ಮೈನಸ್ 6ರ ಪೆಟ್ಟಿಗೆಯಾದರೆ ಒಂದು ವಾರ ಸಾಕು. ಡಬ್ಬಿಯ ಮೇಲೆ ತಾರೀಖು ಬರೆಯಿರಿ, ಬಣ್ಣ ನೋಡಿ ತಿಳಿಯುತ್ತದೆ ಎಂಬ ಧೈರ್ಯ ಬೇಡ. ಫ್ರೀಜರಿನಲ್ಲಿ ಎಲ್ಲ ಹುಳಿಯೂ ಒಂದೇ ಬಣ್ಣ.

ಕರಗಿಸುವಾಗ ಕಟ್ಟೆಯ ಮೇಲೆ ಇಡೀ ದಿನ ಬಿಡುವುದು ಮೇಲಿನ ಅಪಾಯವನ್ನೇ ಮತ್ತೆ ಕರೆದಂತೆ: ಹೊರಪದರ ಬೆಚ್ಚಗಾದರೂ ನಡುವೆ ಇನ್ನೂ ಗಡ್ಡೆ. ಹಿಂದಿನ ರಾತ್ರಿಯೇ ಕೆಳಗಿನ ಅರೆಗೆ ಇಳಿಸಿ, ಇಲ್ಲವೇ ಸಾರಿನ ಗಡ್ಡೆಯನ್ನು ನೇರ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಚೆನ್ನಾಗಿ ಕುದಿ ಬರಿಸಿ. ಮೈಕ್ರೋವೇವ್‌ನಲ್ಲಾದರೆ ನಡುವೆ ಒಮ್ಮೆ ಕದಡಿ, ಒಳಗೂ 74 ಡಿಗ್ರಿ ಮುಟ್ಟಬೇಕು. ಫ್ರಿಜ್ಜಿನೊಳಗೇ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಿದರೆ ವಿಷವಾಗದು, ಇನ್ನಷ್ಟು ನೀರೊಡೆಯುತ್ತದೆ. ಹೊರಗೆ ಕರಗಿ ಎರಡು ಗಂಟೆ ಕಳೆದದ್ದನ್ನು ಮಾತ್ರ ಮತ್ತೆ ಒಳಗಿಡಬೇಡಿ.

ಇನ್ನು ಕರೆಂಟ್. ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿರುತ್ತದೆ. ಇದು ಒಳ್ಳೆಯ ಪ್ರತ್ಯೇಕ ಫ್ರೀಜರಿನ ಲೆಕ್ಕ, ಸಣ್ಣ ಐಸ್ ಪೆಟ್ಟಿಗೆಗೆ ಇಷ್ಟು ತಾಳ್ಮೆಯಿಲ್ಲ. ಊರಿಗೆ ಹೋಗುವ ಮುನ್ನ ಒಂದು ಲೋಟ ನೀರನ್ನು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೆಯೇ ಇದ್ದರೆ ನೀವಿಲ್ಲದಾಗ ಫ್ರೀಜರ್ ಹೆಚ್ಚೇನೂ ಕರಗಿಲ್ಲ. ನೀರು ಮತ್ತೆ ಗಟ್ಟಿಯಾಗಿದ್ದು ನಾಣ್ಯ ಲೋಟದ ತಳದಲ್ಲಿ ಕೂತಿದ್ದರೆ, ಡಬ್ಬಿಗಳು ಕಲ್ಲಿನಂತಿದ್ದರೂ ನಡುವೆ ಒಮ್ಮೆ ಎಲ್ಲ ಕರಗಿ, ಕರೆಂಟ್ ಬಂದ ಮೇಲೆ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಆಗ ಆ ಹುಳಿಯ ಮೇಲೆ ಮಮಕಾರ ಬೇಡ, ಚೆಲ್ಲಿ.