ಕಲ್ಲಿನ ಗೋಡೆಯಿಂದ ಬೆರಳಿನ ತುದಿಗೆ

ಅನಗವಾಡಿಯ ಬಳಿ ಘಟಪ್ರಭೆಯ ಸೇತುವೆಯನ್ನು ದಾಟಿ ಹೋದವರು ನಿಮ್ಮಲ್ಲಿ ಅನೇಕರಿರಬಹುದು. ಆ ಊರಿನಲ್ಲಿ ಬಸ್ಸಿಗಾಗಿ ಕಾದು ನಿಂತಿದ್ದಾಗ ನನ್ನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅಣ್ಣನ ಮೊಬೈಲನ್ನು ನನ್ನ ಮುಂದೆ ಹಿಡಿದಳು. “ಸರ್ರ, ಇದು ಕೊರಿಯಾದ ಚಿತ್ರಕಥಿರಿ. ಬೆರಳಲೆ ಮ್ಯಾಲೆ ಸರಿಸಿದಂಗೆಲ್ಲ ಕಥಿ ಮುಂದ ಹೊಕ್ಕೈತ್ರಿ.”

ಇದಕ್ಕೆ ವೆಬ್‌ಟೂನ್ ಎಂದು ಹೆಸರು. ದಕ್ಷಿಣ ಕೊರಿಯಾದಲ್ಲಿ ಡೌಮ್ ಸಂಸ್ಥೆಯು 2003ರಲ್ಲಿ, ನೇವರ್ ಸಂಸ್ಥೆಯು 2004ರಲ್ಲಿ ಅಂತರಜಾಲದಲ್ಲಿ ಇಂಥ ಚಿತ್ರಕಥೆಗಳನ್ನು ಮೊದಲಿಟ್ಟವು. ಕಾಂಗ್ ಫುಲ್ ಎಂಬ ಚಿತ್ರಕಥೆಗಾರನು 2003ರಲ್ಲಿ ಬರೆದ ಪ್ರೇಮಕಥೆ ಈ ಬಗೆಗೆ ದಾರಿ ಹಾಕಿತು. ಇಲ್ಲಿ ಪುಟ ಮಗುಚುವ ಮಾತಿಲ್ಲ. ಕಥೆ ಸುರುಳಿಯಂತೆ ಮೇಲಿನಿಂದ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಎರಡು ಚಿತ್ರಗಳ ನಡುವೆ ಬಿಟ್ಟ ಬರಿದಾದ ಜಾಗವೇ ಮೌನ, ಅದೇ ಕಾಲ. ಬಾವಿಗೆ ಬಿದ್ದವನನ್ನು ತೋರಿಸಬೇಕಾದರೆ ಆ ಜಾಗವನ್ನು ಉದ್ದ ಮಾಡಿದರಾಯಿತು!

2011ರಲ್ಲಿ ಹೊರಾಂಗ್ ಎಂಬಾತನ ದೆವ್ವದ ಕಥೆಗಳಲ್ಲಿ ಚಿತ್ರವು ಥಟ್ಟನೆ ತಾನೇ ಚಲಿಸಿ ಓದುಗರನ್ನು ಬೆಚ್ಚಿಬೀಳಿಸಿತು. 2017ರಲ್ಲಿ ಹಾ ಇಲ್-ಕ್ವೊನ್ ಮಾಡಿದ ಕಥೆಯೊಂದು ಇನ್ನೂ ಮುಂದಕ್ಕೆ ಹೋಗಿ, ಓದುಗನ ಹೆಸರನ್ನು ಕೇಳಿ, ಮೊಬೈಲಿನ ಕ್ಯಾಮೆರಾದಿಂದ ಅವನ ಮುಖವನ್ನು ಹಿಡಿದು, ಅವನನ್ನೇ ಪಾತ್ರವನ್ನಾಗಿಸಿತು. ಮಕ್ಕಳ ಮುಖ ಕೇಳುವ ಕಥೆಯನ್ನು ಹಿರಿಯರು ಮೊದಲು ಓದಿ ನೋಡುವುದು ಲೇಸೆಂದು ನನ್ನ ಅಭಿಮತ.

ಓದುಗನು ತಾನೇ ನಡೆಯಿಸುವ ಚಿತ್ರಕಥೆ ನಮಗೆ ಹೊಸದೇ? ನಮ್ಮ ಜಿಲ್ಲೆಯದೇ ಆದ ಪಟ್ಟದಕಲ್ಲಿಗೆ ಹೋಗಿ, ಎಂಟನೆಯ ಶತಮಾನದ ಪಾಪನಾಥ ದೇವಾಲಯದ ಹೊರಗೋಡೆಯನ್ನು ನೋಡಿರಿ. ರಾಮಾಯಣದ ಪ್ರಸಂಗಗಳು ಅಲ್ಲಿ ಸಾಲಾಗಿ ನಿಂತಿವೆ. ನೀವು ನಿಂತರೆ ಕಥೆಯೂ ನಿಲ್ಲುತ್ತದೆ, ಹೆಜ್ಜೆಯಿಟ್ಟರೆ ಮುಂದುವರಿಯುತ್ತದೆ. ಕೊರಿಯಾದವರು ಬೆರಳಿಗೆ ಒಪ್ಪಿಸಿದ ಕೆಲಸವನ್ನು ನಮ್ಮ ರೂವಾರಿಗಳು ಕಾಲಿಗೆ ಒಪ್ಪಿಸಿದ್ದರು. ಅಷ್ಟೇ ಅಲ್ಲ, ಪಾತ್ರಗಳ ಬಳಿ ಅವುಗಳ ಹೆಸರನ್ನು ಅಂದಿನ ಕನ್ನಡ ಲಿಪಿಯಲ್ಲಿ ಕೊರೆದರು. ಕಥೆ ಅಯೋಧ್ಯೆಯದು, ಅಕ್ಷರ ಇಲ್ಲಿಯದು.

ಇದನ್ನು ಹೇಳಿದಾಗ ಆ ಹುಡುಗಿ, “ಹಂಗಾರ ಇದು ಕನ್ನಡದಾಗ ಯಾಕಿಲ್ರಿ?” ಎಂದು ಕೇಳಿಬಿಟ್ಟಳು. ಬಸ್ಸು ಬರುವವರೆಗೆ ಇಬ್ಬರೂ ಹುಡುಕಿದೆವು. ನೇವರ್ ಸಂಸ್ಥೆಯ ವೆಬ್‌ಟೂನ್ ಆ್ಯಪ್ ತೆರೆದು, ವಾರದ ಯಾವ ದಿನ ಯಾವ ಕಥೆ ಎಂಬ ಪಟ್ಟಿ ನೋಡಿ, ಭಾಷೆಗಳ ಪಟ್ಟಿಗೆ ಬಂದೆವು. 2014ರಲ್ಲಿ ಆರಂಭವಾದ ಇಂಗ್ಲಿಷ್ ಇತ್ತು, ಥಾಯಿ ಇತ್ತು, ಇಂಡೋನೇಷ್ಯದ ಭಾಷೆಯೂ ಇತ್ತು. ಕನ್ನಡ ನಮ್ಮ ಕಣ್ಣಿಗೆ ಬೀಳಲಿಲ್ಲ. ನಲವತ್ತು ಮಕ್ಕಳಿಗೆ ವ್ಯಾಕರಣ ಹೇಳಿ ಬಂದ ನನಗೆ ಅವಳ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಸದ್ಯಕ್ಕೆ ಅವಳು ನಿಘಂಟು ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷಿನಲ್ಲಿ ಓದಿ, ಸಂಜೆ ಅಜ್ಜಿಗೆ ನಮ್ಮ ಸೀಮೆಯ ಕನ್ನಡದಲ್ಲಿ ಹೇಳುತ್ತಾಳಂತೆ. ಕೊರಿಯಾದ ನಾಯಕನಿಗೆ ಅಜ್ಜಿ ಆಗಲೇ ಬಸಪ್ಪನೆಂದು ಹೆಸರಿಟ್ಟಿದ್ದಾಳೆ. ದೆವ್ವದ ಕಥೆ ಮಾತ್ರ ಕತ್ತಲಾದ ಮೇಲೆ ಬೇಡವಂತೆ.